ಕಠಾರಿ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆರಂಭಿಸುವಾಗಲೂ ಅದರ ವಿಷಯವೇನು, ಪ್ರಯೋಜನವೇನು, ಅದನ್ನು ಓದುವುದಕ್ಕೆ ಅಧಿಕಾರಿ ಯಾರು, ಇವುಗಳಿಗೆ ಪರಸ್ಪರ ಸಂಬಂಧವೇನು ಎಂಬ ನಾಲ್ಕು ಪ್ರಶ್ನೆಗಳಿಗೆ ಮೊದಲೇ ಸಮಾಧಾನ ಹೇಳಿಬಿಡಬೇಕೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ಅದನ್ನು ಮೀರುವ ಧೈರ್ಯ ನಮಗಿಲ್ಲ. ಈ ಪ್ರಬಂಧದ ವಿಷಯ ಕಬ್ಬಿಣದ ಕಠಾರಿ. ಅಧಿಕಾರಿ ಯಾರೆಂದರೆ, ಅಂತಹ ಕಠಾರಿಗಳನ್ನು ರಾತ್ರಿಯೆಲ್ಲ ಕುಳಿತು ನೂರುಗಟ್ಟಲೆ ತಟ್ಟಿ, ಬೆಳಗಿನ ಜಾವಕ್ಕೆ ತಾನೇಕೆ ಹಾಗೆ ಮಾಡಿದೆನೆಂದು ತಿಳಿಯದೆ ಕಂಗಾಲಾದ ಆಟಗಾರ. ಪ್ರಯೋಜನ ಆತನ ಚಿತ್ತಸಮಾಧಾನ. ಸಂಬಂಧದ ಮಾತು ಮಾತ್ರ ತೊಡಕಿನದು. ಏಕೆಂದರೆ ಕಠಾರಿಗೂ ಅದನ್ನು ಮಾಡಿದವನಿಗೂ ಯಾವ ಸಂಬಂಧವೂ ಇಲ್ಲವೆಂಬುದೇ ನಮ್ಮ ಆಕ್ಷೇಪ, ಇರಬೇಕೆಂಬುದೇ ನಮ್ಮ ಸಿದ್ಧಾಂತ.

ಆಧಾರಗ್ರಂಥವಾಗಿ ನಾವು ಸ್ವೀಕರಿಸಿರುವುದು 2011ನೆಯ ಇಸವಿಯ ನವೆಂಬರ್ 11ರಂದು ಅಮೆರಿಕದ ಬೆಥೆಸ್ಡಾ ಸಂಸ್ಥೆಯವರು ಲೋಕಕ್ಕೆ ಒಪ್ಪಿಸಿದ ‘ಸ್ಕೈರಿಮ್’ ಎಂಬ ವೀಡಿಯೊ ಗೇಮನ್ನು. ಕಥಾನಾಯಕನು ಕೈಕಟ್ಟಿಸಿಕೊಂಡು, ಬಂಡಿಯಲ್ಲಿ ಕುಳಿತು, ಹೆಲ್ಗೆನ್ ಎಂಬ ಊರಿಗೆ ಶಿರಚ್ಛೇದಕ್ಕಾಗಿ ಬರುತ್ತಾನೆ. ಕೊಡಲಿಯ ಏಟು ಬೀಳುವುದಕ್ಕೆ ತುಸು ಮುಂಚೆ ಆಟಗಾರನು ಅವನಿಗೊಂದು ಮುಖವನ್ನು ಮಾಡಿಕೊಡತಕ್ಕದ್ದು. ಹತ್ತು ಜನಾಂಗಗಳಲ್ಲಿ ಒಂದನ್ನು ಆರಿಸಿ, ಮೂಗಿನ ಉದ್ದ, ಕೆನ್ನೆಯೆಲುಬಿನ ಏರು, ಗಡ್ಡದ ವಿನ್ಯಾಸ, ಹಳೆಯ ಗಾಯದ ಗುರುತು ಇವನ್ನೆಲ್ಲ ಮನಸ್ಸಿಗೆ ಒಪ್ಪುವವರೆಗೂ ತಿದ್ದುತ್ತ ಕೂರಬಹುದು. ಮರಣದಂಡನೆಯ ಅಧಿಕಾರಿಗಳು ಅಷ್ಟು ಹೊತ್ತೂ ಸಾವಧಾನವಾಗಿ ಕಾಯುತ್ತಾರೆ. ಅಷ್ಟೊಂದು ಶ್ರಮದಿಂದ ನಿರ್ಮಿತವಾದ ಮುಖವು ಮುಂದೆ ಶಿರಸ್ತ್ರಾಣದೊಳಗೆ ಅಡಗಿಹೋಗುವುದು ಬೇರೆಯ ಮಾತು. ಗಾಯದ ಗುರುತನ್ನು ಹಾಕಿದವರು ಅದು ಯಾವ ಜಗಳದಲ್ಲಿ ಆಯಿತೆಂದು ಕೇಳಲಿಲ್ಲ. ಈತ ಯಾರ ಮಗ, ಯಾವ ಕಸುಬಿನವನು ಎಂಬುದನ್ನೂ ಯಾರೂ ಬರೆದುಕೊಳ್ಳಲಿಲ್ಲ. ಇತ್ತ ಊರಿನ ಕಾವಲುಭಟನಾದರೋ, ತಾನೂ ಒಂದು ಕಾಲಕ್ಕೆ ಸಾಹಸಿಯಾಗಿದ್ದು, ಮೊಣಕಾಲಿಗೆ ಬಾಣ ನಾಟಿದ ಮೇಲೆ ಈ ಉದ್ಯೋಗಕ್ಕೆ ಬಂದವನೆಂದು ಹೋಗಿಬರುವವರಿಗೆಲ್ಲ ಹೇಳಿಕೊಳ್ಳುತ್ತಾನೆ. ನಾಯಕನಿಗಿಲ್ಲದ ಪೂರ್ವಾಶ್ರಮ ಕಾವಲುಭಟನಿಗುಂಟು ಎಂಬುದು ನಮ್ಮ ಮೊದಲನೆಯ ಉಪಪತ್ತಿ.

ಅಷ್ಟರಲ್ಲಿ ಆಕಾಶದಿಂದಿಳಿದ ಡ್ರ್ಯಾಗನ್ನಿನ ದೆಸೆಯಿಂದ ತಲೆಯುಳಿಸಿಕೊಂಡು, ಹ್ಯಾಡ್ವಾರ್ ಎಂಬ ಸೈನಿಕನ ಹಿಂದೆ ಓಡಿ, ರಿವರ್‌ವುಡ್ ಎಂಬ ಹಳ್ಳಿಯನ್ನು ಸೇರಿದವನಿಗೆ, ಆ ಸೈನಿಕನ ಬಂಧುವೂ ಕಮ್ಮಾರನೂ ಆದ ಆಲ್ವರ್ ಎಂಬಾತನು ಒಂದು ಕಬ್ಬಿಣದ ಗಟ್ಟಿಯನ್ನೂ ಒಂದು ತೊಗಲಿನ ಪಟ್ಟಿಯನ್ನೂ ಕೊಟ್ಟು ಕಠಾರಿ ಮಾಡಲು ಕಲಿಸುತ್ತಾನೆ. ವಿಧಾನವನ್ನು ವಿವರಿಸುತ್ತೇವೆ, ಓದುಗರು ಗಮನವಿಟ್ಟು ಕೇಳಬೇಕು. ಕುಲುಮೆಯ ಮುಂದೆ ನಿಂತು ಗುಂಡಿ ಒತ್ತಿದರೆ ಯಾದಿಯೊಂದು ತೆರೆಯುತ್ತದೆ. ಯಾದಿಯಲ್ಲಿ ಕಠಾರಿಯ ಹೆಸರಿದೆ. ಇನ್ನೊಮ್ಮೆ ಒತ್ತಿದರೆ ಕಠಾರಿ ಆಯಿತು. ತಿದಿಯೊತ್ತಿದವರು ಯಾರು, ಕಬ್ಬಿಣ ಕೆಂಪಗೆ ಕಾದದ್ದು ಯಾವಾಗ, ನೀರಿಗದ್ದಿ ಹದ ಕೊಟ್ಟದ್ದು ಯಾರು ಎಂಬಿವೊಂದೂ ಗ್ರಂಥದಲ್ಲಿ ಉಕ್ತವಾಗಿಲ್ಲ. ಅಲಗು ಬಿರುಕುಬಿಡುವುದಿಲ್ಲ, ಹಿಡಿ ಸಡಿಲವಾಗುವುದಿಲ್ಲ, ಕೈ ಸುಡುವುದಿಲ್ಲ. ನಿನ್ನೆಯವರೆಗೆ ಇಕ್ಕಳ ಹಿಡಿಯದಿದ್ದವನೂ ಇಂದು ತಪ್ಪಿಲ್ಲದೆ ಮಾಡುತ್ತಾನೆ.

ಹೀಗೆ ಸಿದ್ಧವಾದ ಕಠಾರಿಯ ತೂಕ 2, ಬೆಲೆ 10 ಹೊನ್ನು. ನಾಯಕನು ಆರಂಭದಲ್ಲಿ ಹೊರಬಲ್ಲ ಭಾರ 300 ಆದುದರಿಂದ, ಮೈಮೇಲೆ ಬೇರೇನೂ ಇಲ್ಲದ ಪಕ್ಷದಲ್ಲಿ, ಲೋಕೋದ್ಧಾರಕನೊಬ್ಬನು 150 ಕಠಾರಿಗಳನ್ನು ಹೊತ್ತು ಬೆಟ್ಟ ಹತ್ತಿ ಓಡಬಲ್ಲನೆಂದು ಗಣಿತದಿಂದಲೇ ಸಿದ್ಧವಾಗುತ್ತದೆ. 151ನೆಯದನ್ನು ಎತ್ತಿದನೋ, ಓಟ ನಿಂತು ನಡಿಗೆಯೇ ಗತಿ. ಹೊನ್ನಿಗೆ ಮಾತ್ರ ಎಷ್ಟಿದ್ದರೂ ತೂಕವಿಲ್ಲ. ಆ ದೇಶದ ಅರ್ಥಶಾಸ್ತ್ರಜ್ಞರು ಈ ವಿಚಾರದಲ್ಲಿ ಮೌನ ತಾಳಿದ್ದಾರೆ.

ಇನ್ನು ಕಠಾರಿಯ ಮಹಿಮೆ. ಈ ಆಟದಲ್ಲಿ ವಿದ್ಯೆ ಬರುವುದು ಬಹುಮಟ್ಟಿಗೆ ಮಾಡಿ ಮಾಡಿಯೇ ಎಂಬ ತತ್ತ್ವವು ಮೇಲ್ನೋಟಕ್ಕೆ ಬಹು ಶ್ಲಾಘ್ಯವಾದುದು. ಆದರೆ ಆಟ ಹೊರಬಂದ ಹೊಸದರಲ್ಲಿ ಕುಲುಮೆಯಲ್ಲಿ ಏನನ್ನು ಮಾಡಿದರೂ ದೊರೆಯುವ ಅನುಭವ ಒಂದೇ ಪ್ರಮಾಣದ್ದಾಗಿದ್ದುದರಿಂದ, ಅತ್ಯಂತ ಅಗ್ಗದ ವಸ್ತುವನ್ನು ಅತ್ಯಂತ ಹೆಚ್ಚು ಸಂಖ್ಯೆಯಲ್ಲಿ ಮಾಡುವುದೇ ಪರಮಪುರುಷಾರ್ಥವಾಗಿ ಪರಿಣಮಿಸಿ, ಕಮ್ಮಾರಿಕೆಯ ವಿದ್ಯೆಯಲ್ಲಿ 15ರಿಂದ 100ರವರೆಗಿನ ಸೋಪಾನವನ್ನು ಜನ ಕಠಾರಿಗಳನ್ನೇ ಮೆಟ್ಟಿಲಾಗಿಟ್ಟುಕೊಂಡು ಹತ್ತಿದರು. ಒಂದು ಕತ್ತಿಯನ್ನಾಗಲಿ, ಬಾಗಿಲಿನ ಚಿಲಕವನ್ನಾಗಲಿ ಮಾಡಿ ನೋಡದ ಮನುಷ್ಯನು 90ನೆಯ ಮೆಟ್ಟಿಲಿನಲ್ಲಿ ಎಬೊನಿ ಲೋಹಕ್ಕೆ ಡೇಡ್ರಾ ಎಂಬ ಅಸುರನ ಹೃದಯವನ್ನು ಬೆಸೆದು ಕವಚ ಮಾಡಲು ಅರ್ಹನಾದನು. ಅನಂತರ ಆಟವನ್ನು ತಿದ್ದಿ, ವಸ್ತುವಿನ ಬೆಲೆ ಹೆಚ್ಚಿದಂತೆ ಅನುಭವವೂ ಹೆಚ್ಚೆಂದು ವಿಧಿಸಲಾಯಿತು. ಆಗ ಆಟಗಾರರು, ಕಬ್ಬಿಣದ ಅದಿರನ್ನು ಬೆಳ್ಳಿಯದಾಗಿಯೂ ಬೆಳ್ಳಿಯದನ್ನು ಚಿನ್ನದ್ದಾಗಿಯೂ ಮಾರ್ಪಡಿಸುವ ಮಂತ್ರವೊಂದನ್ನು ಹುಡುಕಿ ತಂದು, ಕಠಾರಿಯನ್ನು ಕೈಬಿಟ್ಟು ಉಂಗುರಕ್ಕೆ ಶರಣಾದರು. ಕಮ್ಮಾರನು ಅಕ್ಕಸಾಲಿಗನಾದನಲ್ಲದೆ ಮನುಷ್ಯನಾಗಲಿಲ್ಲ.

ಮದ್ದರೆಯುವ ವಿದ್ಯೆಯ ಸ್ಥಿತಿ ಇದಕ್ಕಿಂತಲೂ ವಿಚಿತ್ರ. ಹದಿನೆಂಟು ವಿದ್ಯೆಗಳನ್ನು ಯೋಧ, ಮಾಂತ್ರಿಕ, ಚೋರ ಎಂದು ಮೂರು ಪಂಗಡ ಮಾಡಿದ ಶಾಸ್ತ್ರಕಾರರು ಔಷಧವಿದ್ಯೆಯನ್ನು ಚೋರರ ಪಂಗಡಕ್ಕೆ ಸೇರಿಸಿದ್ದಾರೆ. ಇದಕ್ಕೆ ಅವರಿಗೆ ಯಾವ ವೈದ್ಯರ ಅನುಭವ ಆಧಾರವಾಯಿತೋ ನಾವು ವಿಚಾರಿಸಹೋಗುವುದಿಲ್ಲ. ಪ್ರತಿಯೊಂದು ಮೂಲಿಕೆಗೂ ನಾಲ್ಕು ಗುಣಗಳಿದ್ದು, ಮೊದಲನೆಯದನ್ನು ತಿಂದು ತಿಳಿಯಬಹುದು. ಡೆತ್‌ಬೆಲ್ ಎಂಬ ವಿಷಪುಷ್ಪವನ್ನು ಜಗಿದು, ಪ್ರಾಣಶಕ್ತಿ ಕುಂದಿದ ಮೇಲೆ, ‘ಪ್ರಾಣಶಕ್ತಿಯನ್ನು ಕುಂದಿಸುವಂಥದು’ ಎಂದು ಬರೆದಿಟ್ಟುಕೊಳ್ಳುವ ಈ ಪದ್ಧತಿ ಪ್ರತ್ಯಕ್ಷಪ್ರಮಾಣದ ಪರಾಕಾಷ್ಠೆ. ಇಷ್ಟಕ್ಕೂ ನಿಲ್ಲದೆ ಆಟಗಾರರು ಇನ್ನೊಂದು ರಹಸ್ಯವನ್ನು ಕಂಡುಹಿಡಿದರು. ಪುನಶ್ಚೇತನವಿದ್ಯೆಯನ್ನು ವರ್ಧಿಸುವ ಮದ್ದನ್ನು ಕುಡಿದು, ಮದ್ದರೆಯುವ ಕೌಶಲವನ್ನು ಹೆಚ್ಚಿಸುವ ಮಂತ್ರಿತ ಉಂಗುರವನ್ನು ತೆಗೆದು ಮತ್ತೆ ತೊಟ್ಟರೆ ಉಂಗುರದ ಶಕ್ತಿ ಏರುತ್ತದೆ. ಆ ಉಂಗುರ ತೊಟ್ಟು ಅದೇ ಮದ್ದನ್ನರೆದರೆ ಮದ್ದಿನ ಶಕ್ತಿ ಏರುತ್ತದೆ. ಅದನ್ನು ಕುಡಿದರೆ ಮತ್ತೆ ಉಂಗುರ, ಮತ್ತೆ ಮದ್ದು. ನಮ್ಮ ನೈಯಾಯಿಕರು ಅನವಸ್ಥಾದೋಷವೆಂದು ಯಾವುದಕ್ಕೆ ಶತಮಾನಗಳ ಕಾಲ ಅಂಜಿ ನಡೆದರೋ, ಅದನ್ನೇ ಇವರು ಜೀವನೋಪಾಯ ಮಾಡಿಕೊಂಡರು. ಗುರುದಕ್ಷಿಣೆಯ ವಿಷಯವನ್ನಂತೂ ಎತ್ತಲೇಬಾರದು: ಹಣ ತೆತ್ತು ವಿದ್ಯೆ ಕಲಿತು, ಅದೇ ಗಳಿಗೆಯಲ್ಲಿ ಗುರುವಿನ ಜೇಬಿನಿಂದ ಆ ಹಣವನ್ನು ಕದ್ದು, ಕದ್ದ ಹಣದಿಂದ ಮುಂದಿನ ಪಾಠ ಹೇಳಿಸಿಕೊಳ್ಳುವ ಶಿಷ್ಯೋತ್ತಮರು ಅಲ್ಲಿ ವಿರಳರಲ್ಲ.

ಇಂತಹವನೇ ಕೊನೆಗೆ ಏನಾಗುತ್ತಾನೆ? ವಿಂಟರ್‌ಹೋಲ್ಡ್ ಎಂಬಲ್ಲಿಯ ಮಂತ್ರವಿದ್ಯಾಪೀಠಕ್ಕೆ, ಬೆರಳೆಣಿಕೆಯ ಮಂತ್ರಗಳನ್ನು ಬಲ್ಲವನಾಗಿಯೂ, ಕುಲಪತಿಯಾಗುತ್ತಾನೆ. ಅದೇ ತಿಂಗಳಲ್ಲಿ ವೀರರ ಸಂಘಕ್ಕೆ ಹಿರಿಯನೂ, ಕಳ್ಳರ ಸಂಘಕ್ಕೆ ಯಜಮಾನನೂ, ಕೊಲೆಗಾರರ ಸಂಘಕ್ಕೆ ಪ್ರಧಾನನೂ ಆಗಿ, ಒಂದು ಸಂಘದ ಸಂಗತಿ ಇನ್ನೊಂದಕ್ಕೆ ಬಾಧಕವಾಗದಂತೆ ಸುಖವಾಗಿರುತ್ತಾನೆ. ಏಕಕಾಲದಲ್ಲಿ ಹಲವು ಸಭೆಗಳ ಅಧ್ಯಕ್ಷಪೀಠವನ್ನು ಅಲಂಕರಿಸುವ ಮಹನೀಯರನ್ನು ಓದುಗರೂ ಬಲ್ಲರಾದುದರಿಂದ ಇದು ಅಸಂಭಾವ್ಯವೆಂದು ನಾವು ಹೇಳುವುದಿಲ್ಲ. ಪಾತ್ರಪೋಷಣೆಯೆಂದು ಮಾತ್ರ ಒಪ್ಪುವುದಿಲ್ಲ. ಇದೇ ಸಂಸ್ಥೆಯವರ 2002ನೆಯ ಇಸವಿಯ ‘ಮಾರೋವಿಂಡ್’ ಆಟದಲ್ಲಿ ಸಂಘದೊಳಗೆ ಮೇಲಿನ ಪದವಿಗೆ ಏರಬೇಕಾದರೆ ಸಂಘದ ವಿದ್ಯೆಗಳಲ್ಲಿ ಗೊತ್ತಾದ ಮಟ್ಟವನ್ನು ಮುಟ್ಟಿರಲೇಬೇಕಾಗಿತ್ತು.

ಇದಕ್ಕೂ ಹಳೆಯ ಪ್ರಮಾಣವೊಂದುಂಟು. 1997ನೆಯ ಇಸವಿಯಲ್ಲಿ ಬಂದ ‘ಅಲ್ಟಿಮಾ ಆನ್‌ಲೈನ್’ ಎಂಬ ಆಟದಲ್ಲಿ ಆಗ ಒಬ್ಬ ವ್ಯಕ್ತಿಗೆ ಎಲ್ಲ ವಿದ್ಯೆಗಳೂ ಸೇರಿ 700 ಅಂಕಗಳೇ ಮಿತಿಯಾಗಿತ್ತು, ಒಂದೊಂದು ವಿದ್ಯೆಯಲ್ಲಿ 100 ಮುಟ್ಟಿದವನು ಮಹಾಚಾರ್ಯನೆನಿಸುತ್ತಿದ್ದನು. ಕಮ್ಮಾರಿಕೆಯಲ್ಲಿ ಆ ಪದವಿಗೇರಬೇಕೆಂದವನು ಬೇರೊಂದು ವಿದ್ಯೆಯನ್ನು ಬಿಟ್ಟುಕೊಡಬೇಕಾಗಿತ್ತು, ಹಾಗೆ ಬಿಟ್ಟುಕೊಟ್ಟವನು ಮಾಡಿದ ಉತ್ತಮ ಕತ್ತಿಯ ಮೇಲೆ ಅವನ ಹೆಸರು ಮೂಡುತ್ತಿತ್ತು. ಕುಲುಮೆಯ ಬಳಿ ನಿಂತು ಅಪರಿಚಿತರ ಕವಚಗಳನ್ನು ದುರಸ್ತಿ ಮಾಡಿಕೊಡುವುದೇ ಉದ್ಯೋಗವಾಗಿದ್ದ ಆಟಗಾರರು ಅಲ್ಲಿದ್ದರು. ರಾಕ್ಷಸಸಂಹಾರ ಅವರಿಗೆ ಬೇಕಾಗಿರಲಿಲ್ಲ. ತ್ಯಾಗವಿಲ್ಲದೆ ಪಾತ್ರವಿಲ್ಲ, ಅಂಕಿತವಿಲ್ಲದೆ ಕಸುಬಿಲ್ಲ ಎಂಬೆರಡು ಸೂತ್ರಗಳನ್ನು ನಾವು ಇಲ್ಲಿಂದಲೇ ಎತ್ತಿಕೊಂಡಿದ್ದೇವೆ.

ಈ ಸೂತ್ರಗಳನ್ನು ಸ್ಕೈರಿಮ್‌ಗೆ ಅನ್ವಯಿಸುವ ಬಗೆ ಹೇಗೆಂದರೆ: ನಾಯಕನು ಮಾಡಿದ ಪ್ರತಿಯೊಂದು ಕಠಾರಿಯ ಮೇಲೂ ಅವನ ಅಂಕಿತವಿರತಕ್ಕದ್ದು, ಅವಸರದಲ್ಲಿ ಮಾಡಿದ್ದರ ಹಿಡಿ ಸಡಿಲವೂ ಆಗತಕ್ಕದ್ದು. ಅವನು ರಿವರ್‌ವುಡ್‌ನ ಅಂಗಡಿಗೆ ಸುರಿದ ನೂರೈವತ್ತು ಕಠಾರಿಗಳು ಎಲ್ಲಿಗೆ ಹೋದಾವು? ಬೆಟ್ಟದ ಮೇಲಿನ ದರೋಡೆಗಾರರು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುತ್ತಾರೆ. ಮರುವಾರ ನಾಯಕನ ಪಕ್ಕೆಗೆ ನಾಟಿದ ಕಠಾರಿಯನ್ನು ಕಿತ್ತು ನೋಡಿದರೆ ಹಿಡಿಯ ಮೇಲೆ ಅವನದೇ ಹೆಸರಿರುತ್ತದೆ. ಹಿಡಿ ಸಡಿಲವಾಗಿದ್ದುದರಿಂದ ಪ್ರಾಣ ಉಳಿಯಿತೆಂದು ಅವನು ಸಂತೋಷಪಡಬೇಕೋ, ಕೆಲಸ ಕೆಟ್ಟಿತೆಂದು ನಾಚಬೇಕೋ ಎಂಬ ಧರ್ಮಸಂಕಟವಿದೆಯಲ್ಲ, ಸಾವಿರ ಸಂಭಾಷಣೆಗಳಿಂದ ಬಾರದ ಪಾತ್ರದ ಆಳ ಅದೊಂದರಿಂದಲೇ ಬರುತ್ತದೆ. ಇತ್ತ ಕಠಾರಿಯ ಬೆಲೆ ಬಿದ್ದುಹೋಗಿ ಆಲ್ವರನ ಮನೆಯಲ್ಲಿ ಗಂಜಿಗೂ ತತ್ವಾರವಾಗಬೇಕು, ತನ್ನ ಕುಲುಮೆಯನ್ನೇ ಉಪಯೋಗಿಸಿ ತನಗೇ ಕೇಡು ಬಗೆದನೆಂದು ಆತ ಮುಖ ತಿರುಗಿಸಬೇಕು. ಅವನ ಮಗಳು ಡಾರ್ಥೆ ತಂದೆಯ ಬಳಿ ಈ ಕೆಲಸವನ್ನೇ ಕಲಿಯುತ್ತಿರುವ ಹುಡುಗಿ. ಆ ಮಗುವಿಗೆ ಇರುವಷ್ಟು ವೃತ್ತಿನಿಷ್ಠೆ ನಮ್ಮ ನಾಯಕನಿಗಿಲ್ಲ.

ಇವು ಕನಿಷ್ಠ ಸುಧಾರಣೆಗಳು. ಪೂರ್ಣ ಸುಧಾರಣೆಯಲ್ಲಿ ಹನ್ನೆರಡು ವರ್ಷಗಳ ಶಿಷ್ಯವೃತ್ತಿ, ಅದರಲ್ಲಿ ಮೊದಲ ಮೂರು ವರ್ಷ ತಿದಿಯೊತ್ತುವುದು ಮಾತ್ರ, ಕುಲುಮೆಯ ಬಾಡಿಗೆ, ಸಾಲ ಹೇಳಿ ಕೊಡಲಿ ಒಯ್ದ ಗಿರಾಕಿಯ ಬೆನ್ನು ಹತ್ತುವುದು, ಮದ್ದು ಮಾರಿದವನ ಮನೆಯ ಮುಂದೆ ವಾಸಿಯಾಗದ ರೋಗಿಗಳ ನೆಂಟರಿಷ್ಟರು ಇವೆಲ್ಲ ಸೇರತಕ್ಕದ್ದು. ಯುದ್ಧದ ನಡುವೆ ಕಾಲವನ್ನು ನಿಲ್ಲಿಸಿ ಚೀಸಿನ ಚಕ್ರಗಳನ್ನು ಒಂದರ ಮೇಲೊಂದು ನುಂಗಿ ಗಾಯ ಮಾಯಿಸಿಕೊಳ್ಳುವ ಈಗಿನ ಪದ್ಧತಿಯನ್ನು ರದ್ದುಪಡಿಸಲು ನಮಗೆ ಮನಸ್ಸಿಲ್ಲ. ಅಜೀರ್ಣವನ್ನು ಸೇರಿಸಿದರೆ ಸಾಕು.

ಇಲ್ಲಿ ಪೂರ್ವಪಕ್ಷಿಯು ಎದ್ದು ಕೇಳಬಹುದು: “ಅಯ್ಯಾ, ನಾಯಕನು ಹನ್ನೆರಡು ವರ್ಷ ತಿದಿಯೊತ್ತುತ್ತ ಕುಳಿತರೆ, ಲೋಕವನ್ನೇ ನುಂಗಲು ಬಂದ ಆಲ್ಡುವಿನ್ ಎಂಬ ಡ್ರ್ಯಾಗನ್ನನ್ನು ಕೊಲ್ಲುವವರಾರು?” ಪ್ರಶ್ನೆ ಗಂಭೀರವಾಗಿ ಕಂಡರೂ ಕೇಳಿದವರಿಗೆ ಮೂಲಗ್ರಂಥದ ಪರಿಚಯ ಸಾಲದು. ನಾಯಕನು ಬಂದು ಕರೆಯುವವರೆಗೂ ಆಲ್ಡುವಿನ್ ಪ್ರಳಯವನ್ನು ಆರಂಭಿಸುವುದಿಲ್ಲವೆಂಬುದು ಆಟದಲ್ಲೇ ಸಿದ್ಧವಾಗಿರುವ ಸಂಗತಿ. ನಾಯಕನು ಮದುವೆಯಾಗಲಿ, ಮನೆ ಕಟ್ಟಲಿ, ಕಾಡಿನಲ್ಲಿ ಚಿಟ್ಟೆ ಹಿಡಿಯುತ್ತ ವರ್ಷಗಳನ್ನು ಕಳೆಯಲಿ, ಆತ ಕಾಯುತ್ತಾನೆ. ಆದುದರಿಂದ ಅವಸರವೇನೂ ಇಲ್ಲ. ನಾಯಕನು ಕೊನೆಗೊಮ್ಮೆ ಹೊರಟುನಿಂತಾಗ, ಮುಂಗಡ ತೆಗೆದುಕೊಂಡು ಮಾಡಿಕೊಡದೆ ಉಳಿದ ಕೊಡಲಿಗಳ ಗತಿಯೇನೆಂಬುದೊಂದೇ ನಿಜವಾದ ತೊಡಕು. ಅಷ್ಟು ಹೊತ್ತಿಗೆ ಡಾರ್ಥೆ ಬೆಳೆದು ದೊಡ್ಡವಳಾಗಿರುತ್ತಾಳಾಗಿ, ಅವುಗಳನ್ನು ಅವಳಿಗೆ ವಹಿಸಿ, ಮುಂಗಡದ ಹಣವನ್ನು ಅವಳ ಕೈಗೇ ಎಣಿಸಿಕೊಟ್ಟು ಹೋಗತಕ್ಕದ್ದು.