ಚಪ್ಪರಕ್ಕೆ ಬಡಿಸದ ಭಟ್ಟರು

ನಮ್ಮ ಭಾವ ಎಲ್ಲಿಗೆ ಹೊರಟಿದ್ದಾರೆ ಎಂಬುದನ್ನು ಅವರ ಕೈಚೀಲ ನೋಡಿ ಹೇಳಬಹುದು. ಸತ್ಯನಾರಾಯಣ ಪೂಜೆಗೆ ಹೊರಟರೆ ಅದರಲ್ಲಿ ಒಂದು ಶಲ್ಯ, ಒಂದು ಟೆಸ್ಟರು, ಎರಡು ಸ್ಕ್ರೂಡ್ರೈವರು ಇರುತ್ತವೆ. ಸಾವಿನ ಮನೆಗೆ ಹೊರಟರೆ ಶಲ್ಯ ಇರುವುದಿಲ್ಲ.

ಇಂಥವರೊಬ್ಬರು ಪ್ರತಿ ಬಳಗದಲ್ಲೂ ಇರುತ್ತಾರೆ. ಮಿಕ್ಸಿ, ಮೋಟಾರು, ಮೊಬೈಲು, ಏನೇ ಕೆಟ್ಟರೂ ಮೊದಲ ಫೋನು ಅವರಿಗೇ. 'ನನಗೆ ಗೊತ್ತಿಲ್ಲ' ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ, 'ನೋಡೋಣ' ಎಂಬುದು ಬರುತ್ತದೆ. ಬಿಚ್ಚುತ್ತಾರೆ, ಊದುತ್ತಾರೆ, ಮುಚ್ಚುತ್ತಾರೆ. ಕೊನೆಗೆ ಪೇಪರಿನ ಮೇಲೆ ಎರಡು ಸ್ಕ್ರೂ ಉಳಿದಿರುತ್ತವೆ. ಇದೇನು ಎಂದು ಕೇಳಿದರೆ, "ಕಂಪನಿಯೋರು ಯಾವಾಗ್ಲೂ ಎರಡು ಜಾಸ್ತಿನೇ ಹಾಕಿರ್ತಾರೆ" ಎನ್ನುತ್ತಾರೆ. ಅವರು ಇಂದು ಸರಿ ಮಾಡುವ ತೊಂದರೆಗಳಲ್ಲಿ ಅರ್ಧದಷ್ಟು, ಅವರು ಹೋದ ಸಲ ಸರಿ ಮಾಡಿದವು.

ಭಾವ ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರ ಜೀವನದರ್ಶನವೆಲ್ಲ ಒಂದೇ ಮಾತಿನಲ್ಲಿದೆ: ಕಣ್ಣಿಗೆ ಕಾಣದ ಸ್ವಿಚ್ಚನ್ನು ನಂಬಬಾರದು. ನನ್ನ ಲ್ಯಾಪ್‌ಟಾಪಿನ ಮೇಲೆ ಅವರಿಗೆ ಮೊದಲ ದಿನದಿಂದಲೇ ಇದ್ದ ಗುಮಾನಿಗೆ ಇದೇ ಕಾರಣ. ಅದರೊಳಗೆ ಎರಡು ಗ್ರಾಫಿಕ್ಸ್ ಇವೆ, ಪ್ರೊಸೆಸರ್ ಜೊತೆಯಲ್ಲೇ ಹುಟ್ಟಿದ ಚಿಕ್ಕದೊಂದು, ಬೇರೆಯಾಗಿ ಕೂರಿಸಿದ ದೊಡ್ಡದೊಂದು, ಯಾವಾಗ ಯಾವುದು ಎಂದು ಅದೇ ತೀರ್ಮಾನಿಸುತ್ತದೆ ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ.

"ಅದೇ ತೀರ್ಮಾನಿಸೋದಾದ್ರೆ ನೀನ್ಯಾಕೆ?" ಎಂದಿದ್ದರು.

ಆಮೇಲೆ ಒಂದು ಇತಿಹಾಸ ಪಾಠವೂ ಆಗಿತ್ತು. 2006ರಲ್ಲಿ ಸೋನಿ ವಾಯೋ ಎಸ್‌ಝಡ್ ಅಂತ ಒಂದು ಲ್ಯಾಪ್‌ಟಾಪ್ ಬಂದಿತ್ತು. ಅದರ ಮೇಲೇ ಒಂದು ಗುಂಡಿ. ಒಂದು ಕಡೆ 'ಸ್ಟ್ಯಾಮಿನಾ', ಇನ್ನೊಂದು ಕಡೆ 'ಸ್ಪೀಡ್'. ಬ್ಯಾಟರಿ ಬೇಕಾದರೆ ಆ ಕಡೆ, ವೇಗ ಬೇಕಾದರೆ ಈ ಕಡೆ, ತಳ್ಳಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು. "ಅದು ಸ್ವಿಚ್ಚು ಕಣಯ್ಯಾ! ಕಟ್ ಅಂತ ಶಬ್ದ ಬರತ್ತೆ. 2010ರಲ್ಲಿ ಎನ್ವಿಡಿಯಾದವರು ಆಪ್ಟಿಮಸ್ ಅಂತ ತಂದ್ರು ನೋಡು, ಗುಂಡಿ ಹೋಯ್ತು. ಈಗ ಎಲ್ಲಾ ಒಳಗೊಳಗೇ."

ಈ ಸಲದ ಪ್ರಸಂಗ ದಸರಾ ರಜೆ ಮುಗಿದ ಸೋಮವಾರದ್ದು. ಬೆಳಿಗ್ಗೆ ಒಂಬತ್ತಕ್ಕೆ ಮೇಜಿನ ಮುಂದೆ ಕೂತು, ಎಂದಿನಂತೆ ಲ್ಯಾಪ್‌ಟಾಪಿಗೆ ಎರಡು ಮಾನಿಟರ್ ಸಿಕ್ಕಿಸಿದೆ, ಒಂದು ಎಚ್‌ಡಿಎಂಐಗೆ, ಇನ್ನೊಂದು ಟೈಪ್-ಸಿಗೆ. ಎರಡೂ ಕಪ್ಪು. ಎರಡರಲ್ಲೂ 'ನೋ ಸಿಗ್ನಲ್' ಎಂಬ ಬರಹ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತೂಗಾಡಿತು. ಲ್ಯಾಪ್‌ಟಾಪಿನ ಸ್ವಂತ ಪರದೆ ಮಾತ್ರ ಏನೂ ಆಗದವರಂತೆ ಬೆಳಗುತ್ತಿತ್ತು. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಭಾವ ಹಾಜರು. ಚೀಲದಲ್ಲಿ ಶಲ್ಯ ಇರಲಿಲ್ಲ.

"ಏನು ಮುಟ್ಟಿದೆ?"

"ಏನೂ ಮುಟ್ಟಿಲ್ಲ ಭಾವ."

"ಎಲ್ರೂ ಹೀಗೇ ಹೇಳೋದು" ಎಂದು ಪಂಚೆ ಎತ್ತಿ ಕಟ್ಟಿ ಮೇಜಿನ ಕೆಳಗೆ ನುಸುಳಿದರು.

ಭಾವನ ಚಿಕಿತ್ಸೆ ಯಾವಾಗಲೂ ವೈರಿನಿಂದಲೇ ಶುರು. ಎಚ್‌ಡಿಎಂಐ ಕೇಬಲ್ಲನ್ನು ಕಿತ್ತು, ಚೀಲದಿಂದ ಬೇರೆ ಹಾಕಿದರು. ಅದು ಹಳೆಯ 1.4 ಕಾಲದ್ದು. "ಇದು 4ಕೆ ಚಿತ್ರನ ಸೆಕೆಂಡಿಗೆ ಮೂವತ್ತು ಸಲ ಕಳಿಸತ್ತೆ, ಅರವತ್ತು ಸಲ ಬೇಕಾದ್ರೆ 2.0 ಬೇಕು. ಈಗ ಒಂದು ಸಲ ಬಂದ್ರೂ ಸಾಕಲ್ಲ?" ಬರಲಿಲ್ಲ. ಟೈಪ್-ಸಿ ಕೇಬಲ್ಲನ್ನು ಲ್ಯಾಪ್‌ಟಾಪಿನ ಇನ್ನೊಂದು ತೂತಿಗೆ ಹಾಕಿ ನೋಡಿದರು. ಅಲ್ಲೂ ಇಲ್ಲ. "ಈ ತೂತುಗಳೆಲ್ಲ ನೋಡೋಕೆ ಅವಳಿ ಜವಳಿ. ಒಂದಕ್ಕೆ ಚಿತ್ರ ಕಳಿಸೋಕೆ ಬರತ್ತೆ, ಇನ್ನೊಂದಕ್ಕೆ ಚಾರ್ಜ್ ಕುಡಿಯೋದು ಮಾತ್ರ ಗೊತ್ತು. ನಮ್ಮ ಆಫೀಸಲ್ಲೂ ಹಾಗೇ ಇತ್ತು."

"ಅಣ್ಣಾ, ಕಾಫಿ" ಎಂದು ನನ್ನಾಕೆ ಲೋಟವನ್ನು ಮೇಜಿನ ಕೆಳಕ್ಕೇ ದಾಟಿಸಿದಳು. ಅವಳಿಗೆ ಅಭ್ಯಾಸವಿದೆ.

ಎರಡನೆಯ ಸುತ್ತು ಕೀಬೋರ್ಡಿನದು. ವಿಂಡೋಸ್ ಗುಂಡಿಯ ಜೊತೆ ಪಿ ಒತ್ತಿ, 'ಎಕ್ಸ್‌ಟೆಂಡ್' ಇದೆಯೇ ಎಂದು ನೋಡಿದರು. ಇತ್ತು. ಆಮೇಲೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ, ನಾಲ್ಕನ್ನೂ ಒಟ್ಟಿಗೆ ಹಾರ್ಮೋನಿಯಂ ಹಿಡಿದಂತೆ ಒತ್ತಿದರು. ಪರದೆ ಒಮ್ಮೆ ಕಣ್ಣು ಮಿಟುಕಿಸಿ 'ಬೀಪ್' ಎಂದಿತು. "ಗ್ರಾಫಿಕ್ಸ್ ಡ್ರೈವರ್ ಒಂದು ಸಲ ಮಲಗೆದ್ದಿತು" ಎಂದು ಅನುವಾದಿಸಿದರು. ಎದ್ದದ್ದು ಚಿಕ್ಕದು ಮಾತ್ರ ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಇನ್ನು ಮುಂದಿನದು ಡ್ರೈವರ್ ಕಿತ್ತು ಹೊಸದು ಹಾಕುವುದು. ಅದು ಇಳಿಯುವಷ್ಟು ಹೊತ್ತು ಕಥಾಪ್ರಸಂಗ. ಈ ಎರಡು ಗ್ರಾಫಿಕ್ಸ್ ಗೋಳು ನನ್ನೊಬ್ಬನದಲ್ಲ, ಲಿನಕ್ಸ್ ಬಳಸುವವರದು ಇನ್ನೂ ಘೋರ ಎಂದು ಸಮಾಧಾನ ಹೇಳಿದರು. ಆಪ್ಟಿಮಸ್ ಲ್ಯಾಪ್‌ಟಾಪುಗಳನ್ನು ಲಿನಕ್ಸಿನಲ್ಲಿ ಓಡಿಸಲು ಕೆಲವರು ಸೇರಿ ಬಂಬಲ್‌ಬೀ ಎಂಬ ತಂತ್ರಾಂಶ ಬರೆದರು. 2011ರಲ್ಲಿ ಅದನ್ನು ಅಳವಡಿಸುವ ಸ್ಕ್ರಿಪ್ಟಿನಲ್ಲಿ ಒಂದು ಕಡೆ ಬೇಡದ ಸ್ಪೇಸ್ ನುಸುಳಿತ್ತು. ಒಂದು ಚಿಕ್ಕ ಫೋಲ್ಡರನ್ನು ಅಳಿಸಬೇಕಿದ್ದ ಆಜ್ಞೆ, ಆ ಖಾಲಿ ಜಾಗದಿಂದಾಗಿ, ಕಂಪ್ಯೂಟರಿನ ತಂತ್ರಾಂಶಗಳೆಲ್ಲ ಇರುವ ಯುಎಸ್‌ಆರ್ ಎಂಬ ಫೋಲ್ಡರನ್ನೇ ಅಳಿಸಲು ಹೊರಟಿತು. "ಪದ ಬಿಡಿಸಿ ಬರೆದ್ರೆ ಅರ್ಥ ಕೆಡತ್ತೆ ಅಂತ ನಮ್ಮ ಕನ್ನಡ ಮೇಷ್ಟ್ರು ಬಡಕೋತಿದ್ರು" ಎಂದರು ಭಾವ.

2012ರಲ್ಲಿ ಲಿನಕ್ಸಿನ ಜನಕ ಲೈನಸ್ ಟೋರ್ವಾಲ್ಡ್ಸ್ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಮಾತಾಡುತ್ತಿದ್ದಾಗ ಸಭಿಕರೊಬ್ಬರು ಇದೇ ಆಪ್ಟಿಮಸ್ ಗೋಳನ್ನು ತೋಡಿಕೊಂಡರಂತೆ. ಲೈನಸ್ ಕ್ಯಾಮೆರಾ ಕಡೆ ತಿರುಗಿ ಎನ್ವಿಡಿಯಾಗೆ ಬೆರಳು ತೋರಿಸಿದರು. "ಯಾವ ಬೆರಳು ಮಾವಾ?" ಎಂದು ನನ್ನ ಮಗ ಕೇಳಿದ. ಭಾವ ಕೈ ಎತ್ತಿದರು, ನನ್ನಾಕೆಯ ಮುಖ ನೋಡಿದರು, ಎತ್ತಿದ ಕೈಯಿಂದಲೇ ಕನ್ನಡಕ ಸರಿ ಮಾಡಿಕೊಂಡರು.

ಡ್ರೈವರು ಕೂರಲು ಒಪ್ಪಲಿಲ್ಲ. ಆಗ, ಹನ್ನೊಂದೂವರೆಗೆ, ಬೇರೇನೂ ಉಳಿಯದ್ದರಿಂದ ಭಾವ ಡಿವೈಸ್ ಮ್ಯಾನೇಜರ್ ತೆಗೆದರು. ಡಿಸ್‌ಪ್ಲೇ ಅಡಾಪ್ಟರುಗಳ ಸಾಲಿನಲ್ಲಿ ಎರಡು ಹೆಸರು. ಚಿಕ್ಕದು ಸುಖವಾಗಿತ್ತು. ದೊಡ್ಡದರ ಪಕ್ಕದಲ್ಲಿ ಕೆಳಮುಖದ ಪುಟ್ಟ ಬಾಣ: ಯಾರೋ ಅದನ್ನು ಡಿಸೇಬಲ್ ಮಾಡಿದ್ದಾರೆ.

"ಯಾರಯ್ಯಾ ಇದನ್ನ ನಿಲ್ಲಿಸಿದ್ದು?" ಭಾವ ಗುಡುಗಿದರು. "ಸ್ವಲ್ಪನಾದ್ರೂ ತಿಳುವಳಿಕೆ ಇರೋರು ಮಾಡೋ ಕೆಲಸನಾ ಇದು?"

ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ನನ್ನಾಕೆ ಲೋಟ ತೊಳೆಯಲು ಹೋದಳು. ಹೇಳಿದವನು ಮಗ. "ನೀವೇ ಮಾವ. ಹಬ್ಬದ ದಿನ ನಿಮ್ಮನೇಲಿ. ಫ್ಯಾನ್ ಕಿರ್ರೋ ಅನ್ನತ್ತೆ ಅಂತ."

ಭಾವ ವಿಚಲಿತರಾಗಲಿಲ್ಲ. ಈ ಜಾತಿಯವರು ಆಗುವುದಿಲ್ಲ. "ಆವತ್ತು ಮಾನಿಟರ್ ಇರ್ಲಿಲ್ಲ. ಆವತ್ತು ಅದು ಸರಿ" ಎಂದರು.

ಹೇಳಬೇಕೆಂದರೆ ಅದು ನಿಜವೇ. ಮತ್ತೆ ಎನೇಬಲ್ ಒತ್ತಿ, ಎರಡೂ ಮಾನಿಟರ್ ದೀಪಾವಳಿಯಂತೆ ಹತ್ತಿಕೊಂಡ ಮೇಲೆ, ಕುರ್ಚಿಗೊರಗಿ ಭಾವ ಕೊಟ್ಟ ವಿವರಣೆಯನ್ನು ನಾನು ಇದುವರೆಗೆ ಯಾವ ಎಂಜಿನಿಯರ್ ಬಾಯಲ್ಲೂ ಕೇಳಿಲ್ಲ.

"ಚಿಕ್ಕದು ನಿಮ್ಮಕ್ಕ ಅನ್ಕೋ. ದಿನಾ ಅನ್ನ ಸಾರು ಅವಳದೇ. ದೊಡ್ಡದು ಮದುವೆ ಅಡಿಗೆ ಭಟ್ಟರು. ಐನೂರು ಎಲೆ ಅಂದ್ರೆ ಭಟ್ಟರನ್ನ ಕರೀಬೇಕು. ಬಂದ್ರು ಅಂದ್ರೆ ಸೌದೆ ಬೇಕು, ಕೊಪ್ಪರಿಗೆ ಬೇಕು, ಗಲಾಟೆ ಇರತ್ತೆ. ಅದೇ ನಿನ್ನ ಫ್ಯಾನು. ಆದ್ರೆ ಮನೆ ಒಳಗೆ, ಅಂದ್ರೆ ಲ್ಯಾಪ್‌ಟಾಪ್ ಪರದೆಗೆ, ಅಡಿಗೆ ಭಟ್ಟರು ಮಾಡಿದ್ರೂ ಬಡಿಸೋದು ನಿಮ್ಮಕ್ಕನೇ. ಭಟ್ಟರು ಇಲ್ದಿದ್ರೂ ಒಳಗಿನ ಊಟ ನಿಲ್ಲಲ್ಲ."

"ಮತ್ತೆ ಮಾನಿಟರು?"

"ಅದು ಹೊರಗಡೆ ಚಪ್ಪರ. ನಿನ್ನ ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ, ಟೈಪ್-ಸಿ ಎರಡರ ದಾರೀನೂ ಭಟ್ಟರ ಒಲೆ ಹತ್ರಾನೇ ಹೋಗತ್ತೆ. ಎಲ್ಲಾ ಲ್ಯಾಪ್‌ಟಾಪಲ್ಲೂ ಹೀಗಿರಲ್ಲ, ಕೆಲವದ್ರಲ್ಲಿ ಚಪ್ಪರಕ್ಕೂ ಅಕ್ಕನೇ ಬಡಿಸ್ತಾಳೆ. ನಿಂದ್ರಲ್ಲಿ ಭಟ್ಟರು. ಅವರನ್ನ ನಾನು ಹಬ್ಬದ ದಿನ ಮನೆಗೆ ಕಳಿಸಿಬಿಟ್ಟೆ. ಚಪ್ಪರದಲ್ಲಿ ಎಲೆ ಹಾಕ್ಕೊಂಡು ಕೂತೋರಿಗೆ ಏನು ಸಿಗತ್ತೆ?"

"ನೋ ಸಿಗ್ನಲ್" ಎಂದ ಮಗ.

"ಇನ್ನೊಂದು ಕೇಳು. ಚಪ್ಪರದಲ್ಲಿ ಒಬ್ಬನೇ ಕೂತು ಬರೀ ಮಜ್ಜಿಗೆ ಕೇಳಿದ್ರೂ ಭಟ್ಟರು ಎದ್ದೇ ಇರಬೇಕು. ಮಾನಿಟರಲ್ಲಿ ನೀನು ಖಾಲಿ ಎಕ್ಸೆಲ್ ತೆಗೆದಿಟ್ರೂ ದೊಡ್ಡದು ಮಲಗಲ್ಲ, ಬಿಸಿ ಕಮ್ಮಿ ಆಗಲ್ಲ. ಬ್ಯಾಟರಿ ಉಳೀಬೇಕು ಅಂದ್ರೆ ಚಪ್ಪರ ಬಿಚ್ಚು."

ನನ್ನ ಅರ್ಧ ದಿನದ ಸಂಬಳ ಹೋಗಿತ್ತು. ಆದರೂ ಇಷ್ಟು ರುಚಿಯಾಗಿ ವಿಷಯ ಬಡಿಸಿದ ಮನುಷ್ಯನ ಮೇಲೆ ಕೋಪ ಹೇಗೆ ಬರಬೇಕು? ಊಟ ಮಾಡಿಸಿ, ಎಲೆಅಡಿಕೆ ಕೊಟ್ಟು ಕಳಿಸಿದೆವು. ಮೆಟ್ಟಿಲಿಳಿಯುತ್ತಾ ಭಾವ ತಿರುಗಿದರು.

"ನೀನು ಕೈ ತೊಳೆಯೋಕೆ ಹೋಗಿದ್ದಾಗ ಬಯಾಸ್ ಒಳಗೊಂದು ಸಣ್ಣ ಸೆಟ್ಟಿಂಗ್ ಬದಲಾಯಿಸಿದೀನಿ. ಫ್ಯಾನ್ ಸದ್ದು ಸ್ವಲ್ಪ ಕಮ್ಮಿ ಆಗತ್ತೆ."

ಸಂಜೆ ಅಕ್ಕನ ಫೋನು.

"ಸರಿಹೋಯ್ತೇನೋ?"

"ಹೋಯ್ತಕ್ಕ. ಭಾವ ಪಾಪ ತುಂಬಾ ಕಷ್ಟಪಟ್ರು."

"ಒಳ್ಳೇದಾಯ್ತು. ಮತ್ತೆ ಯಾವಾಗ ಬರಬೇಕು ಅವರು, ಈ ವಾರಾನೋ, ಮುಂದಿನ ವಾರಾನೋ? ಹಾಲು ಎಷ್ಟು ತಗೋಬೇಕು ಅಂತ ಕೇಳ್ತಿದೀನಿ."