ನೊಣ ತಿನ್ನುವ ಗಿಡಕ್ಕೆ ಊರೆಲ್ಲ ಡಾಕ್ಟರು

ಬೈಲಹೊಂಗಲದ ಎರೆಭೂಮಿಯಲ್ಲಿ ಬೆಳೆದವರೆಲ್ಲ ಎಲೆವೈದ್ಯರೇ. ಹತ್ತಿಯೋ ಕಡಲೆಯೋ, ಎಲೆ ತಿರುವಿ ನೋಡಿ ರೋಗ ಹೇಳುತ್ತಾರೆ. ಇಂಥ ಊರಿಗೆ ನಾನು ಆನ್‌ಲೈನಿನಲ್ಲಿ ವೀನಸ್ ಫ್ಲೈಟ್ರ್ಯಾಪ್ ತರಿಸಿದೆ. ಅಮೆರಿಕದ ಕ್ಯಾರೊಲಿನಾಗಳ ಜವುಗಿನ ಸಸಿ. ಅಲ್ಲಿನ ಮಣ್ಣಿನಲ್ಲಿ ಸಾರವಿಲ್ಲವೆಂದೇ ಬಾಯಿಯಂಥ ಎಲೆಗಳಲ್ಲಿ ನೊಣ ಹಿಡಿದು ಸಾರಜನಕ ದಕ್ಕಿಸಿಕೊಳ್ಳುತ್ತದೆ.

"ಲಿಂಗಪೂಜಿ ಮನ್ಯಾಗ ನೊಣಾ ತಿನ್ನೂ ಗಿಡ ಏನೋ?" ಎಂದು ಅವ್ವ ಅದನ್ನು ಹೊರಗಿನ ಕಟ್ಟೆಗೆ ದಾಟಿಸಿದಳು. ಡಾರ್ವಿನ್ 1875ರಲ್ಲೇ ಇಂಥ ಗಿಡಗಳ ಮೇಲೆ ಪುಸ್ತಕ ಬರೆದಿದ್ದಾನೆ ಎಂದೆ. "ಅಂವಾ ತನ್ನ ಮನ್ಯಾಗ ಇಟ್ಕೊಳ್ಲಿ!"

ಕೆಲವೇ ದಿನಕ್ಕೆ ಎಲೆ ಕಪ್ಪಾಗತೊಡಗಿದವು. ಕಿತ್ತೂರಿನ ಅತ್ತಿ ದೃಷ್ಟಿಯೆಂದು ಲಿಂಬೆಹಣ್ಣು ನಿವಾಳಿಸಿದಳು. ಗೊಬ್ಬರದಂಗಡಿಯವ ಫೋಟೊ ನೋಡಿ, "ಬಾಯೊಳಗ ಕೆಂಪಾಗೇತ್ರಿ. ಹತ್ತಿಗೂ ಹಿಂಗ ಆಗತೈತಿ. ಮ್ಯಾಗ್ನೀಸಿಯಂ ಸಲ್ಫೇಟ್ ಹೊಡೀರಿ, ಚೂರು ಯೂರಿಯಾ ಹಾಕ್ರಿ" ಎಂದ. ಬಿಸಿಲುಂಡ ಫ್ಲೈಟ್ರ್ಯಾಪಿಗೆ ಆ ಕೆಂಪೇ ಆರೋಗ್ಯ, ಯೂರಿಯಾ ವಿಷ. ಪಕ್ಕದಲ್ಲಿ ನಿಂತ ರೈತನ ಕೈಯಲ್ಲೂ ಒಂದು ಕೆಂಪೆಲೆಯಿತ್ತು. ಅಂಗಡಿಯವ ಅವನಿಗೆ ಮೂರು ಬಾಟಲಿ ಕೊಟ್ಟು ಉದ್ರಿ ಬರೆದುಕೊಂಡ. ನಕ್ಕು ಹೊರಬರುವ ಸುಖ ನನಗಿತ್ತು, ಅವನಿಗಿರಲಿಲ್ಲ.

ಅಸಲು ರೋಗ ರಾಮದುರ್ಗದಿಂದ ಬಂದಿತ್ತು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಬಂದಿದ್ದ ಮಾವ ಹಾಗೇ ನಮ್ಮಲ್ಲಿಗೂ ಬಂದಿದ್ದರು. ಬಾಯೊಳಗಿನ ಕೂದಲನ್ನು ಇಪ್ಪತ್ತು ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಮುಚ್ಚಿಕೊಳ್ಳುತ್ತದೆ ಎಂದು ನಾನೇ ಭಾಷಣ ಬಿಗಿದಿದ್ದೆ. ಮಾವ ಕಡ್ಡಿಪೆಟ್ಟಿಗೆ ತೆಗೆದರು. ಒಂದು ಸಲ ಮುಟ್ಟಿದರು. ಏನೂ ಆಗಲಿಲ್ಲ. ಗಟ್ಟಿಯಾಗಿ ಎಣಿಸತೊಡಗಿದರು. ಐದಕ್ಕೆ ಮಕ್ಕಳು ಬಂದು ಮುತ್ತಿದರು. ಹತ್ತಕ್ಕೆ ಹಾಲಿನವ ಗಾಡಿ ನಿಲ್ಲಿಸಿದ. ಹದಿನೈದಕ್ಕೆ ಪೂಜೆ ಬಿಟ್ಟು ಅವ್ವ, ವಿಭೂತಿ ಬಟ್ಟಲು ಹಿಡಿದುಕೊಂಡೇ, ಹೊಸ್ತಿಲಿಗೆ ಬಂದಳು. ಹದಿನೆಂಟಕ್ಕೆ ಮಾವ ಮತ್ತೆ ಚುಚ್ಚಿದರು. ಬಾಯಿ ಮುಚ್ಚಿತು, ಕಡ್ಡಿ ಒಳಗೇ ಉಳಿಯಿತು. "ಏ ಅಳಿಯಾ, ಕಚ್ಚತೈತಲೇ!" ಅಂದಮೇಲೆ ಕೇಳಬೇಕೆ? ಮಕ್ಕಳಿಗೊಂದೊಂದು ಬಾಯಿ, ಹಾಲಿನವನಿಗೊಂದು. ಅವ್ವ ಮಾತ್ರ ಮುಟ್ಟಲಿಲ್ಲ. "ಆ ಮೂಲಿದು ಉಳದೈತಿ ನೋಡು" ಎಂದು ತೋರಿಸಿಕೊಟ್ಟಳು. ಆಮೇಲೆ ಬಂದ ನೆಂಟರೆಲ್ಲ ಕಡ್ಡಿ ಕೇಳಿಯೇ ಒಳಗೆ ಕಾಲಿಟ್ಟರು. ಒಂದೊಂದು ಬಾಯಿಯೂ ಬೆರಳೆಣಿಕೆಯಷ್ಟು ಸಲ ಮುಚ್ಚಿ ತೆರೆದು, ಕಪ್ಪಾಗಿ ಒಣಗುತ್ತದೆ. ಇದನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ.

ಉಳಿದದ್ದನ್ನು ಬೋರಿನ ಸವಳು ನೀರು ಮುಗಿಸುತ್ತಿತ್ತು. ಈ ಗಿಡಕ್ಕೆ ಲವಣ ಆಗದು, ಮಳೆನೀರು ಬೇಕು. ಮಳೆ ಬಂದಾಗ ಮಾಳಿಗೆಯ ನೀರು ಹಿಡಿದು, ಕೊಡದ ಬಾಯಿಗೆ ಬಟ್ಟೆ ಕಟ್ಟಿ, "ಗಿಡದ ನೀರು" ಎಂದು ಚೀಟಿ ಅಂಟಿಸಿದೆ. ಮರುದಿನ ಕೊಡ ಅರ್ಧವಾಗಿತ್ತು.

"ಬೋರಿನ ನೀರಾಗ ಬ್ಯಾಳಿ ಬೇಯೂದಿಲ್ಲೋ" ಎಂದಳು ಅವ್ವ.

ಆವತ್ತಿನ ಬ್ಯಾಳಿ ಬೆಣ್ಣೆಯಂತೆ ಬೆಂದಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.