ದಬ್ಬೆಯ ಆಯಸ್ಸು

'ತಾತ್ಕಾಲಿಕ' ಎಂಬುದರಷ್ಟು ಗಟ್ಟಿಮುಟ್ಟಾದ ವಸ್ತು ಜಗತ್ತಿನಲ್ಲಿ ಇನ್ನೊಂದಿಲ್ಲ. ನಂಬದಿದ್ದರೆ ಮಲೆನಾಡಿನ ಒಂಟಿಮನೆಗಳ ಕಿಟಕಿ ನೋಡಿ. ಆಷಾಢದ ಗಾಳಿಗೆ ಕೊಂಬೆ ಬಡಿದು ಗಾಜು ಒಡೆಯಿತೆನ್ನಿ. ಅರ್ಧ ಗಂಟೆಯಲ್ಲಿ ಅಡಿಕೆ ದಬ್ಬೆ ಅಡ್ಡ ಬೀಳುತ್ತದೆ, ಅದರ ಮೇಲೆ ಗೊಬ್ಬರದ ಚೀಲ, ಚೀಲದಂಚಿಗೆ ಸಾಲಾಗಿ ಮೊಳೆ. 'ಮಳೆ ನಿಲ್ಲಲಿ, ಸರಿ ಮಾಡಿಸೋಣ' ಎಂಬ ಘೋಷಣೆ ಬೇರೆ. ಮಳೆ ನಿಲ್ಲುತ್ತದೆ, ಚೀಲದ ಮೇಲಿನ 'ಯೂರಿಯಾ' ಮಾಸುತ್ತದೆ; ದಬ್ಬೆ ಮಾತ್ರ ಮನೆಯಳಿಯನಂತೆ ಅಲ್ಲೇ ಠಿಕಾಣಿ.

ಇದು ಸೋಮಾರಿತನ, ಕೂಡಲೇ ಆಚಾರಿಯನ್ನು ಕರೆಸಬಾರದೇ ಎನ್ನುವವರಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಅವರ ಲೆಕ್ಕದಲ್ಲಿಲ್ಲ. ಮರ ತೇವ ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಜುಲೈನಲ್ಲಿ ಅಳತೆಗೆ ಸರಿಯಾಗಿ ಕೂರಿಸಿದ ಕಿಟಕಿ ಮಾರ್ಚಿನಲ್ಲಿ ಸಂದು ಬಿಟ್ಟು ಹಲ್ಲು ಕಿರಿಯುತ್ತದೆ. ಹಾಗಾಗಿ ಮಳೆಗಾಲಕ್ಕೆ ದಬ್ಬೆಯೇ ಶಾಸ್ತ್ರ. ಮನೆಯೊಳಗೆ ಕತ್ತಲಾಗುವುದಿಲ್ಲವೇ? ಆಗುತ್ತದೆ, ಆದರೆ ಆಷಾಢದಲ್ಲಿ ಗಾಜಿದ್ದರೂ ಒಳಗೆ ಬರುವ ಬೆಳಕು ಅಷ್ಟರಲ್ಲೇ ಇದೆ. ದೀಪಾವಳಿ ಕಳೆದ ಮೇಲೂ ದಬ್ಬೆ ಯಾಕಿದೆ ಎಂಬ ಪ್ರಶ್ನೆಯೊಂದೇ ನಿಜಕ್ಕೂ ಕಷ್ಟದ್ದು. ಅದಕ್ಕೂ ಉತ್ತರ ಸಿದ್ಧವಿದೆ: ಈಗ ಅಡಿಕೆ ಕೊಯ್ಲು, ಪುರುಸೊತ್ತು ಯಾರಿಗಿದೆ?